ಧಾತು ಸಂವತ್ಸರದ ಬರ ಮತ್ತು ಬೊಕ್ಕಸದ ಲೆಕ್ಕ

ಕಲ್ಯಾಣ ಜಂಕ್ಷನ್ನಿನಲ್ಲಿ ರೈಲುದಾರಿ ಎರಡಾಗಿ ಕವಲೊಡೆಯುತ್ತದೆ. ಒಂದು ನಾಸಿಕದ ಕಡೆಗೆ, ಇನ್ನೊಂದು ಬೋರಘಾಟ ಹತ್ತಿ ಪುಣೆ, ಸೊಲ್ಲಾಪುರ, ಕಲಬುರ್ಗಿ, ರಾಯಚೂರುಗಳ ಕಡೆಗೆ. ನಮ್ಮಲ್ಲಿ ಅನೇಕರಿಗೆ ಈ ಎರಡನೆಯದೇ ತವರಿನ ದಾರಿ. ೧೮೫೩ರ ಏಪ್ರಿಲ್ ೧೬ರಂದು ಬೋರಿಬಂದರದಿಂದ ಠಾಣೆಗೆ ಬಂದ ಹಳಿ ಮರುವರ್ಷ ಕಲ್ಯಾಣ ಮುಟ್ಟಿತು. ೧೮೬೩ರಲ್ಲಿ ಬೋರಘಾಟ ದಾಟಿತು. ೧೮೭೧ರಲ್ಲಿ ರಾಯಚೂರಿನಲ್ಲಿ ಮದ್ರಾಸಿನ ಹಳಿಯೊಡನೆ ಕೂಡಿಕೊಂಡಿತು. ಹಳಿ ಇದ್ದಲ್ಲಿ ಇನ್ನು ಯಾರೂ ಹಸಿವಿನಿಂದ ಸಾಯಲಾರರೆಂದು ಆಳುವವರು ನಂಬಿದ್ದರು. ಐದೇ ವರ್ಷಗಳಲ್ಲಿ ಆ ನಂಬಿಕೆಯ ಪರೀಕ್ಷೆ ನಡೆಯಿತು.

೧೮೭೬ರ ಮಳೆ ಕೈಕೊಟ್ಟಿತು. ಅದು ಧಾತು ಸಂವತ್ಸರ. ಅಂದು ಮುಂಬಯಿ ಇಲಾಖೆಗೆ ಸೇರಿದ್ದ ಕಲಾದಗಿ (ಇಂದಿನ ವಿಜಾಪುರ, ಬಾಗಲಕೋಟೆಗಳ ನಾಡು), ಧಾರವಾಡ, ಬೆಳಗಾವಿಗಳೂ ಮದ್ರಾಸಿಗೆ ಸೇರಿದ್ದ ಬಳ್ಳಾರಿಯೂ ಬ್ರಿಟಿಷ್ ಕಮಿಷನರರ ಕೈಯಲ್ಲಿದ್ದ ಮೈಸೂರೂ ಒಟ್ಟಿಗೆ ಬರಕ್ಕೆ ತುತ್ತಾದವು. ಮೈಸೂರಿನ ಜನಸಂಖ್ಯೆ ೧೮೭೧ರಲ್ಲಿ ೫೦ ಲಕ್ಷಕ್ಕೆ ಮೇಲಿದ್ದುದು ೧೮೮೧ರಲ್ಲಿ ೪೨ ಲಕ್ಷಕ್ಕೆ ಇಳಿದಿತ್ತು. ಕಲಾದಗಿಯಲ್ಲಿ ಐದರಲ್ಲೊಂದು ಪಾಲು ಜನ ಕಡಿಮೆಯಾಗಿದ್ದರು. ಸತ್ತವರೆಷ್ಟು, ಊರು ಬಿಟ್ಟವರೆಷ್ಟು ಎಂಬುದನ್ನು ಈ ಅಂಕಿಗಳು ಬಿಡಿಸಿ ಹೇಳುವುದಿಲ್ಲ.

ರೈಲು ಧಾನ್ಯ ತಂದದ್ದು ನಿಜ. ಆದರೆ ಕೂಲಿಯಿಲ್ಲದವನ ಕೈಯಲ್ಲಿ ಕೊಳ್ಳಲು ಕಾಸಿರಲಿಲ್ಲ. ಹಳಿಯಿಂದ ದೂರವಿದ್ದ ವಿಜಾಪುರದ ಹಳ್ಳಿಗಳಿಗೆ ಚೀಲ ಸಾಗಿಸಬೇಕಾದ ಎತ್ತುಗಳೇ ಮೇವಿಲ್ಲದೆ ಸಾಯುತ್ತಿದ್ದವು. ಅದೇ ವರ್ಷಗಳಲ್ಲಿ ಇಂಡಿಯಾದ ಬಂದರುಗಳಿಂದ ಇಂಗ್ಲೆಂಡಿಗೆ ಗೋಧಿ ಹೋಗುತ್ತಲೇ ಇತ್ತು. ವ್ಯಾಪಾರದಲ್ಲಿ ಸರಕಾರ ಕೈಹಾಕಕೂಡದೆಂಬುದು ವೈಸರಾಯ್ ಲಿಟನ್ನನ ದೃಢಮತ. ಇಂಗ್ಲೆಂಡಿನ ಡಿಸ್ರೇಲಿಯ ಕನ್ಸರ್ವೇಟಿವ್ ಸರಕಾರ ಕಳುಹಿಸಿದ ವೈಸರಾಯ್ ಆತ. ೧೮೭೭ರ ಜನವರಿ ೧ರಂದು, ಬರ ಏರುತ್ತಿರುವಾಗಲೇ, ವಿಕ್ಟೋರಿಯಾ ರಾಣಿಗೆ ಚಕ್ರವರ್ತಿನಿಯ ಬಿರುದು ಸಾರಲು ದಿಲ್ಲಿಯಲ್ಲಿ ದರ್ಬಾರು ನೆರೆಯಿತು.

ಆ ತಿಂಗಳೇ ಸರ್ ರಿಚರ್ಡ್ ಟೆಂಪಲ್ ಖರ್ಚು ಕಡಿಮೆ ಮಾಡುವ ಅಪ್ಪಣೆಯೊಂದಿಗೆ ದಕ್ಷಿಣಕ್ಕೆ ಬಂದ. ಪರಿಹಾರ ಕಾಮಗಾರಿಯಲ್ಲಿ ಕಲ್ಲು ಒಡೆಯುವ ಗಂಡಾಳಿಗೆ ದಿನಕ್ಕೆ ಒಂದು ಪೌಂಡು ಧಾನ್ಯ, ಉಪ್ಪು ಬೇಳೆಗೆ ಒಂದಿಷ್ಟು ಪುಡಿಗಾಸು ಎಂದು ಗೊತ್ತುಪಡಿಸಿದ. ಒಂದು ಪೌಂಡೆಂದರೆ ಸುಮಾರು ೪೫೦ ಗ್ರಾಂ; ಇಂದಿನ ಲೆಕ್ಕದಲ್ಲಿ ೧,೬೦೦ ಕ್ಯಾಲೊರಿ. ಸುಮ್ಮನೆ ಕುಳಿತ ಮನುಷ್ಯನಿಗೂ ಇದು ಸಾಲದು. ಮದ್ರಾಸಿನ ಆರೋಗ್ಯಾಧಿಕಾರಿ ಡಾಕ್ಟರ್ ಕಾರ್ನಿಷ್ ಅಂದೇ ಇದನ್ನು ಬಲವಾಗಿ ವಿರೋಧಿಸಿದ. ಕೆಲವು ತಿಂಗಳ ಬಳಿಕ ಮದ್ರಾಸು ಕೂಲಿ ಏರಿಸಿತು. ಮುಂಬಯಿ ಇಲಾಖೆಯಲ್ಲಿ ಸಾವಿರಾರು ಕೂಲಿಗಳು ಆ ಕೂಲಿ ಬೇಡವೆಂದು ಕಾಮಗಾರಿ ಬಿಟ್ಟೇ ನಡೆದರು. ಹಸಿದವರು ಹೂಡಿದ ಮುಷ್ಕರವದು.

ಅವರ ಪರವಾಗಿ ಲೇಖನಿ ಹಿಡಿದದ್ದು ೧೮೭೦ರಲ್ಲಿ ಹುಟ್ಟಿದ ಪುಣೆಯ ಸಾರ್ವಜನಿಕ ಸಭೆ. ಅದರ ಗಣೇಶ ವಾಸುದೇವ ಜೋಶಿಯವರು ಕೈನೂಲಿನ ಖಾದಿ ಉಟ್ಟು ದಿಲ್ಲಿ ದರ್ಬಾರಿಗೇ ಹೋಗಿ ಮನವಿ ಒಪ್ಪಿಸಿದರು. ಸಭೆಯು ಜಿಲ್ಲೆಗಳಿಂದ ವರದಿ ತರಿಸಿ ಸರಕಾರಕ್ಕೆ ಅರ್ಜಿಯ ಮೇಲೆ ಅರ್ಜಿ ಬರೆಯಿತು. ದಾದಾಭಾಯಿ ನೌರೋಜಿಯವರು ೧೮೭೬ರಲ್ಲೇ ಇಂಡಿಯಾದ ಬಡತನವನ್ನು ಸರಕಾರದ್ದೇ ಅಂಕಿ ಅಂಶಗಳಿಂದ ತೋರಿಸಿದ್ದರು. ಸರ್ ಆರ್ಥರ್ ಕಾಟನ್, ರೈಲಿಗೆ ಸುರಿದ ಹಣದಲ್ಲಿ ಒಂದು ಪಾಲಾದರೂ ನೀರಾವರಿಗೆ ಬರಬೇಕಿತ್ತೆಂದು ವಾದಿಸಿದ. ಇವರು ಕೇಳಿದ್ದು ದಯಾಧರ್ಮವನ್ನಲ್ಲ, ಯಾವ ಖರ್ಚು ಮೊದಲು ಎಂಬ ಪ್ರಶ್ನೆಯನ್ನು.

ಸರಕಾರದ ಪಕ್ಷವನ್ನೂ ಹೇಳಬೇಕು. ಬರದ ಖರ್ಚಿಗೆ ಪ್ರತಿಸಲವೂ ಸಾಲ ಎತ್ತಿದರೆ ಬೊಕ್ಕಸ ಮುಳುಗುತ್ತದೆಂಬ ಭಯ ಸುಳ್ಳಲ್ಲ. ಮೈಸೂರೇ ಕೂಡಿಟ್ಟದ್ದನ್ನೆಲ್ಲ ಕಳೆದು ೮೦ ಲಕ್ಷ ರೂಪಾಯಿ ಸಾಲಕ್ಕೆ ಬಿದ್ದಿತ್ತು. ಆದ್ದರಿಂದ ವರ್ಷಕ್ಕೆ ೧೫ ಲಕ್ಷ ಪೌಂಡಿನ ಬರ ವಿಮಾ ನಿಧಿಯೆಂದು ಹಣಕಾಸು ಸದಸ್ಯ ಜಾನ್ ಸ್ಟ್ರೇಚಿ ಸಾರಿದ. ೧೮೭೮ರಲ್ಲಿ ವ್ಯಾಪಾರಿಗಳ ಮೇಲೆ ಲೈಸೆನ್ಸ್ ತೆರಿಗೆ ಬಂತು. ಆದರೆ ಅದೇ ನವೆಂಬರಿನಲ್ಲಿ ಅಫಘಾನ ಯುದ್ಧ ಆರಂಭವಾಯಿತು. ಬರದ ಹೆಸರಿನಲ್ಲಿ ಎತ್ತಿದ ಹಣ ಯುದ್ಧದ ಪಾಲಾಯಿತೆಂದು ಟೀಕಾಕಾರರು ಕೂಗಿದರು. ಆ ಯುದ್ಧಕ್ಕೆ ಇಂಗ್ಲೆಂಡಿನ ಖಜಾನೆ ಕೊನೆಗೆ ಕೊಟ್ಟದ್ದು ೫೦ ಲಕ್ಷ ಪೌಂಡು. ಉಳಿದ ಹೆಚ್ಚಿನ ಭಾರ ನಮ್ಮ ರೈತನದು. ಇಷ್ಟರಲ್ಲೇ, ೧೮೭೯ರಲ್ಲಿ, ಲಿಟನ್ ತನ್ನ ಮಂಡಳಿಯ ಬಹುಮತವನ್ನು ಬದಿಗೊತ್ತಿ, ಲ್ಯಾಂಕಾಷೈರಿನ ಒರಟು ಹತ್ತಿಬಟ್ಟೆಯ ಮೇಲಿನ ಸುಂಕ ಬಿಟ್ಟುಕೊಟ್ಟ. ಹಣವಿಲ್ಲವೆಂದು ಕೂಲಿ ಕತ್ತರಿಸಿದ ಸರಕಾರವೇ ಬರುವ ಹಣವನ್ನು ಬೇಡವೆಂದಿತು! ಕಡತದಲ್ಲಿ ಒಂದು ಶೀರ್ಷಿಕೆಯಿಂದ ಇನ್ನೊಂದಕ್ಕೆ ಹಣ ಸರಿಯುವುದನ್ನು ದಿನವೂ ನೋಡುವ ನಮ್ಮಂಥ ಗುಮಾಸ್ತರಿಗೆ ಇದರ ಅರ್ಥ ಬಿಡಿಸಿ ಹೇಳಬೇಕಾಗಿಲ್ಲ. ಕೇಳುವ ಬಾಯಿಗಳಿಗೆ ೧೮೭೮ರ ಮಾರ್ಚಿನಲ್ಲೇ ದೇಶಭಾಷಾ ಪತ್ರಿಕಾ ಕಾಯಿದೆಯ ಬೀಗ ಬಿದ್ದಿತ್ತು.

ಆದರೂ ಟೀಕೆ ವ್ಯರ್ಥವಾಗಲಿಲ್ಲ. ೧೮೮೦ರ ಚುನಾವಣೆಯಲ್ಲಿ ಡಿಸ್ರೇಲಿ ಸೋತ, ಲಿಟನ್ ಹೊರಟ. ರಿಪ್ಪನ್ ಬಂದು ಪತ್ರಿಕಾ ಕಾಯಿದೆಯನ್ನು ರದ್ದುಮಾಡಿದ. ಕ್ಷಾಮ ಆಯೋಗದ ವರದಿಯಿಂದ ಕ್ಷಾಮ ಸಂಹಿತೆ ಹುಟ್ಟಿ, ಬರದಲ್ಲಿ ಕೆಲಸ ಕೊಡುವುದು ಸರಕಾರದ ಹೊಣೆಯೆಂದು ಕಾಗದದ ಮೇಲಾದರೂ ಬರೆಯಲ್ಪಟ್ಟಿತು. ಕಾಗದದಿಂದ ನೆಲಕ್ಕಿಳಿಯಲು ಬಹುಕಾಲ ಹಿಡಿಯಿತು. ೧೮೯೬ ಮತ್ತು ೧೮೯೯ರ ಬರಗಳಲ್ಲೂ ಲಕ್ಷಾಂತರ ಜನ ಸತ್ತರು.

೧೯೭೨ರ ಬರದಲ್ಲಿ ಮಹಾರಾಷ್ಟ್ರ ಸರಕಾರ ಲಕ್ಷಾಂತರ ಕೂಲಿಗಳಿಗೆ ಕೆಲಸ ಕೊಟ್ಟಿತು. ವಿ. ಎಸ್. ಪಾಗೆಯವರ ಉದ್ಯೋಗ ಖಾತರಿ ಯೋಜನೆ ೧೯೭೭ರಲ್ಲಿ ಕಾಯಿದೆಯಾಯಿತು. ೨೦೦೫ರಲ್ಲಿ ಆ ತತ್ತ್ವ ಇಡೀ ದೇಶದ ಕಾಯಿದೆಯಾಯಿತು. ಮಹಾರಾಷ್ಟ್ರದ ಯೋಜನೆಗೆ ಹಣ ಒದಗಿಸಲೆಂದೇ ೧೯೭೫ರಲ್ಲಿ ವೃತ್ತಿ ತೆರಿಗೆ ಹುಟ್ಟಿತು. ಡೊಂಬಿವಲಿಯಿಂದಲೋ ವಾಶಿಯಿಂದಲೋ ದಿನವೂ ಆಫೀಸಿಗೆ ಓಡುವ ನಮ್ಮ ಸಂಬಳದ ಚೀಟಿಯಲ್ಲಿ ತಿಂಗಳಿಗೆ ಇನ್ನೂರು, ಫೆಬ್ರವರಿಯಲ್ಲಿ ಮುನ್ನೂರು ಎಂದು ಕಡಿತವಾಗುವ ಹಣ ಅದೇ. ಅದರ ಹಿಂದೆ ನಮ್ಮ ಮುತ್ತಜ್ಜಂದಿರ ನಾಡಿನ ಹಸಿವಿನ ಕಥೆಯಿದೆಯೆಂದು ಮಕ್ಕಳಿಗೆ ಹೇಳೋಣ. ಕೊಟ್ಟ ಹಣ ಹೇಳಿದ ಕೆಲಸಕ್ಕೇ ಹೋಯಿತೇ ಎಂದು ಕೇಳುವುದು ಉದ್ಧಟತನವಲ್ಲ, ಪೌರನ ಕರ್ತವ್ಯ ಎಂಬುದನ್ನೂ ಸಾರ್ವಜನಿಕ ಸಭೆಯವರಿಂದ ಕಲಿಯೋಣ.