ಗಂಜಿಯ ಹಾದಿ: ಅನಂತಪುರದಿಂದ ತಿರುವನಂತಪುರಕ್ಕೆ

ಹೊರನಾಡಿನಲ್ಲಿ ನೆಲೆಸಿದ ನಮಗೆ ಜ್ವರ ಬಿಟ್ಟ ಮರುದಿನ, ರೈಲಿನಲ್ಲಿ ದಣಿದು ಮನೆ ಸೇರಿದ ರಾತ್ರಿ, ಅಥವಾ ಸುಮ್ಮನೆ ಊರ ನೆನಪಾಗಿ ಮನಸ್ಸು ಮಂಕಾದ ಸಂಜೆ ಬೇಕೆನಿಸುವುದು ಹಬ್ಬದಡಿಗೆಯಲ್ಲ. ಮೈಸೂರು ಕಡೆಯವರಿಗೆ ತಿಳಿಸಾರು ಅನ್ನ ಸಾಕು, ಧಾರವಾಡದವರಿಗೆ ಜೋಳದ ನುಚ್ಚು ಮಜ್ಜಿಗೆ ಸಾಕು, ಕರಾವಳಿಯವರಿಗೆ ಕುಚ್ಚಲಕ್ಕಿ ಗಂಜಿ ಮತ್ತು ಉಪ್ಪಿನಲ್ಲಿ ಹಾಕಿಟ್ಟ ಮಾವಿನಕಾಯಿ ಸಾಕು. ಇವುಗಳ ಪೈಕಿ ಗಂಜಿಯೊಂದು ಮಾತ್ರ ನಾವು ಬರುವ ಮೊದಲೇ ಈ ನಾಡಿನಲ್ಲಿ ಮನೆ ಮಾಡಿಕೊಂಡಿದೆ. ಇಲ್ಲಿಯವರ ಬಾಯಲ್ಲಿ ಅದು ಕಂಜಿ. ಕೊಚ್ಚಿಯ ಮಟ್ಟಾಂಚೇರಿಯ ಕೊಂಕಣಿ ಮನೆಗಳಲ್ಲಿ ಪೇಜ. ಹೆಸರು ಮೂರಾದರೂ ಗಡಿಗೆ ಒಂದೇ.

ಈ ಗಡಿಗೆಯ ಕಥೆಯನ್ನು ಕಾಸರಗೋಡಿನಿಂದಲೇ ಆರಂಭಿಸುವುದು ಒಳ್ಳೆಯದು. ಕುಂಬಳೆಯ ಬಳಿ ಅನಂತಪುರವೆಂಬ ಸರೋವರ ಕ್ಷೇತ್ರವಿದೆ. ತಿರುವನಂತಪುರದ ಪದ್ಮನಾಭಸ್ವಾಮಿಗೆ ಅದೇ ಮೂಲಸ್ಥಾನವೆಂದು ಭಕ್ತರು ನಂಬುತ್ತಾರೆ. (ನೈವೇದ್ಯದ ಅನ್ನವನ್ನೇ ಉಂಡು ಬದುಕಿತೆಂದು ಜನ ಹೇಳುತ್ತಿದ್ದ ಬಬಿಯಾ ಎಂಬ ಮೊಸಳೆ ಇದ್ದದ್ದು ಈ ಕೆರೆಯಲ್ಲೇ, ಅದು ತೀರಿಕೊಂಡದ್ದು 2022ರ ಅಕ್ಟೋಬರಿನಲ್ಲಿ.) ಇಲ್ಲಿ ತಪಸ್ಸಿಗೆ ಕುಳಿತಿದ್ದ ಬಿಲ್ವಮಂಗಲ ಸ್ವಾಮಿಗಳ ಸೇವೆಗೆ ಬಂದ ಬಾಲಕನೊಬ್ಬ, ಸ್ವಾಮಿಗಳು ಗದರಿದ್ದರಿಂದ ಮುನಿದು, ತನ್ನನ್ನು ಕಾಣಬೇಕಾದರೆ ಅನಂತನ ಕಾಡಿಗೆ ಬಾ ಎಂದು ಹೇಳಿ ಮಾಯವಾದನಂತೆ. ಸ್ವಾಮಿಗಳು ದಕ್ಷಿಣಕ್ಕೆ ನಡೆದು ಆ ಕಾಡು ಸೇರಿದಾಗ ದೇವರಿಗೆ ಅರ್ಪಿಸಲು ಕೈಗೆ ಸಿಕ್ಕಿದ್ದು ಮಾವಿನಕಾಯಿ, ಪಾತ್ರೆಯೆಂದರೆ ತೆಂಗಿನ ಚಿಪ್ಪು. ಈ ಯತಿ ಬಿಲ್ವಮಂಗಲರಲ್ಲ, ತುಳುನಾಡಿನ ದಿವಾಕರ ಮುನಿಗಳು ಎನ್ನುವ ಪಾಠವೂ ಉಂಟು. ಇನ್ನೊಂದು ಪಾಠದಲ್ಲಿ ಯತಿಗಳಿಗಿಂತ ಮೊದಲು ಆ ಮಗುವಿನ ಅಳು ಕೇಳಿದವಳು ಗದ್ದೆಯಲ್ಲಿ ದುಡಿಯುತ್ತಿದ್ದ ಪುಲಯ ಹೆಂಗಸು. ಅವಳೂ ಅವಳ ಗಂಡನೂ ಚಿಪ್ಪಿನಲ್ಲಿ ತಮ್ಮ ಪಾಲಿನ ಗಂಜಿಯನ್ನೇ ಇಟ್ಟರು. ಇಂದಿಗೂ ಆ ಗುಡಿಯಲ್ಲಿ ಗಂಜಿಯೂ ಉಪ್ಪು ಮಾವಿನಕಾಯಿಯೂ ನೈವೇದ್ಯಕ್ಕೆ ಸಲ್ಲುತ್ತವೆ. ಚಿಪ್ಪಿಗೆ ಚಿನ್ನದ ಕವಚ ಬಂದಿದೆ ಅಷ್ಟೆ. ನೈವೇದ್ಯಕ್ಕೆ ಭತ್ತ ಬೆಳೆಯುತ್ತಿದ್ದ ಗದ್ದೆಯೇ ಈಗ ಕೋಟೆಯ ಪೂರ್ವದ್ವಾರದ ಹತ್ತಿರದ ಪುತ್ತರಿಕ್ಕಂಡಂ ಮೈದಾನ. ಪುತ್ತರಿ ಎಂದರೆ ಹೊಸ ಅಕ್ಕಿ. ಕೊಡಗಿನ ಹುತ್ತರಿಯನ್ನು ಬಲ್ಲ ನಮಗೆ ಈ ಮಾತಿನ ಅರ್ಥವನ್ನು ಯಾರೂ ಬಿಡಿಸಿ ಹೇಳಬೇಕಾಗಿಲ್ಲ.

ಐತಿಹ್ಯವನ್ನು ಇತಿಹಾಸವೆಂದು ಸಾಧಿಸುವ ಹಟ ನಮಗಿಲ್ಲ. ಆದರೆ ಒಂದನ್ನು ಗಮನಿಸಬೇಕು. ಯಾವಳ ಗಂಜಿ ದೇವರ ನೈವೇದ್ಯವಾಯಿತೆಂದು ನಾಡು ಹೇಳಿಕೊಂಡು ಬಂತೋ, ಅವಳ ಕುಲದವರು ಆ ಗುಡಿಯ ಹೊಸ್ತಿಲು ದಾಟಲು 1936ರ ನವೆಂಬರ್ 12ರ ದೇವಾಲಯ ಪ್ರವೇಶ ಘೋಷಣೆಯವರೆಗೆ ಕಾಯಬೇಕಾಯಿತು. ಗದ್ದೆಯ ಆಳುಗಳಿಗೆ ನೆಲದಲ್ಲಿ ಗುಂಡಿ ತೋಡಿ, ಎಲೆ ಹಾಸಿ, ಅದರೊಳಗೆ ಗಂಜಿ ಹೊಯ್ಯುತ್ತಿದ್ದ ಕಾಲವೊಂದು ಈ ನಾಡಿನಲ್ಲಿತ್ತು. ನಮ್ಮ ಕಡೆಯ ದೊಡ್ಡ ಮನೆಗಳಲ್ಲೂ ಆಳಿನ ಗಂಜಿ ಅಂಗಳದ ಆಚೆಗೇ. ಗಂಜಿಯ ಗುಣಗಾನಕ್ಕೆ ಹೊರಡುವ ಮುನ್ನ ಇಷ್ಟು ನೆನಪಿದ್ದರೆ ಮಾತು ಹದದಲ್ಲಿರುತ್ತದೆ.

ರೋಗಿಯ ಪಥ್ಯವಾಗಿ ಗಂಜಿಯ ಕೀರ್ತಿ ಹಳೆಯದು. ಪೋರ್ಚುಗೀಸ್ ವೈದ್ಯ ಗಾರ್ಸಿಯಾ ಡ ಓರ್ತಾ 1563ರಲ್ಲಿ ಗೋವೆಯಲ್ಲಿ ಅಚ್ಚು ಹಾಕಿಸಿದ ಗ್ರಂಥದಲ್ಲಿ, ಮೆಣಸು ಜೀರಿಗೆ ಹಾಕಿದ ಅಕ್ಕಿಯ ತಿಳಿಯನ್ನು ರೋಗಿಗೆ ಕುಡಿಸುವರೆಂದೂ ಅದನ್ನು ಇಲ್ಲಿಯವರು ಕಂಜಿ ಎನ್ನುವರೆಂದೂ ಬರೆದಿದ್ದಾನೆ. ಇಂಗ್ಲಿಷಿನವರ ಕಾಂಜಿ ನಮ್ಮ ಈ ಕರಾವಳಿಯಿಂದಲೇ ಹಡಗು ಹತ್ತಿ ಹೋದ ಮಾತು.

ಬಡವನ ಗಂಜಿಯ ಅಕ್ಕಿ ಕುಚ್ಚಲು. ಭತ್ತವನ್ನು ನೆನೆಸಿ, ಹಬೆಯಲ್ಲಿ ಬೇಯಿಸಿ, ಒಣಗಿಸಿ ಆಮೇಲೆ ಕುಟ್ಟುವುದು ಇದರ ಕ್ರಮ. ಹೀಗೆ ಮಾಡಿದಾಗ ತೌಡಿನಲ್ಲಿರುವ ಬಿ ಒಂದು ಜೀವಸತ್ವ ಕಾಳಿನ ಒಳಕ್ಕೆ ಇಳಿದು ನಿಲ್ಲುತ್ತದೆ. ಆಮೇಲೆ ತೌಡು ಹೋದರೂ ಸತ್ವ ಪೂರ್ತಿ ಹೋಗುವುದಿಲ್ಲ. ಬೆಳ್ತಿಗೆ ಅಕ್ಕಿಯನ್ನು ಯಂತ್ರಕ್ಕೆ ಹಾಕಿ ಮುತ್ತಿನಂತೆ ಪಾಲಿಶ್ ಮಾಡಿದರೆ ತೌಡಿನ ಜೊತೆಗೆ ಅದೂ ಹೊರಟುಹೋಗುತ್ತದೆ. ಜಾವಾದಲ್ಲಿದ್ದ ಡಚ್ ವೈದ್ಯ ಐಕ್‌ಮನ್ 1890ರ ದಶಕದಲ್ಲಿ, ಪಾಲಿಶ್ ಅಕ್ಕಿ ತಿಂದ ಕೋಳಿಗಳು ಬೆರಿಬೆರಿಯಂತಹ ರೋಗದಿಂದ ಕಾಲು ಸೋತು ಬೀಳುವುದನ್ನು ಕಂಡನು. ಅದಕ್ಕೆ 1929ರಲ್ಲಿ ನೊಬೆಲ್ ಪಾರಿತೋಷಕವೂ ಬಂತು. ಗಂಜಿಯಲ್ಲಿ ಇನ್ನೊಂದು ಲಾಭವಿದೆ. ಬಸಿದ ಅನ್ನದಲ್ಲಿ ನಾವು ಚೆಲ್ಲುವ ತಿಳಿ ಗಂಜಿಯಲ್ಲಿ ಬಟ್ಟಲಿಗೇ ಬರುತ್ತದೆ. ಅಕ್ಕಿ ಬೆಳ್ಳಗಾದಷ್ಟೂ ಮನೆತನ ಮೇಲೇರಿತೆಂದು ತಿಳಿದ ಕಾಲದಲ್ಲಿ ಬಡವನ ಬಟ್ಟಲಿನಲ್ಲೇ ಸತ್ವ ಉಳಿದಿತ್ತು.

ಆದರೆ ಬಡವನ ಊಟವೇ ಪೂರ್ಣಾಹಾರವೆಂದು ಯಾರೂ ಭ್ರಮಿಸಬಾರದು. ನೀಲಗಿರಿಯ ಕೂನೂರಿನಲ್ಲಿ ಆಹಾರ ಸಂಶೋಧನೆ ನಡೆಸಿದ ರಾಬರ್ಟ್ ಮೆಕ್‌ಕ್ಯಾರಿಸನ್ ದೇಶದ ಬೇರೆ ಬೇರೆ ಪ್ರಾಂತಗಳ ಊಟವನ್ನು ಇಲಿಗಳಿಗೆ ಉಣಿಸಿ ನೋಡಿದರು. ಮರಗೆಣಸೇ ಮುಖ್ಯವಾದ ತಿರುವಾಂಕೂರಿನ ಬಡವರ ಊಟ ತಿಂದ ಇಲಿಗಳಲ್ಲಿ ಹೊಟ್ಟೆಯ ಹುಣ್ಣು ಎದ್ದುಕಂಡಿತು. ಅದೇ ಕಾಲದಲ್ಲಿ ದಕ್ಷಿಣ ತಿರುವಾಂಕೂರಿನ ನೆಯ್ಯೂರು ಆಸ್ಪತ್ರೆಯಲ್ಲಿ, ಎವರೆಸ್ಟ್ ಏರಹೊರಟು ಹೆಸರಾದ ಶಸ್ತ್ರವೈದ್ಯ ಹೋವರ್ಡ್ ಸಾಮರ್‌ವೆಲ್ ಇಂಥದೇ ಹುಣ್ಣುಗಳನ್ನು ಮನುಷ್ಯರ ಹೊಟ್ಟೆಯಲ್ಲಿ ಕಾಣುತ್ತಿದ್ದರು. ಬೇಳೆಕಾಳು, ಸೊಪ್ಪು, ಹಾಲು, ಇವು ಬಟ್ಟಲಿಗೆ ಬೀಳುತ್ತಿರಲಿಲ್ಲ.

ಮರಗೆಣಸನ್ನು ಹೊಟ್ಟೆಪಾಡಿನ ಬೆಳೆಯಾಗಿ ಬೆಳೆಸಿದವರಲ್ಲಿ 1880ರಿಂದ 1885ರವರೆಗೆ ಆಳಿದ ತಿರುವಾಂಕೂರಿನ ಮಹಾರಾಜ ವಿಶಾಖಂ ತಿರುನಾಳ್ ಪ್ರಮುಖರು. ಅದರ ನಿಜವಾದ ಬೆಲೆ ತಿಳಿದದ್ದು 1942ರಲ್ಲಿ. ಆ ವರ್ಷದ ಮಾರ್ಚಿನಲ್ಲಿ ರಂಗೂನು ಜಪಾನೀಯರ ವಶವಾಗಿ ಬರ್ಮಾದ ಅಕ್ಕಿ ನಿಂತಿತು. ತಿರುವಾಂಕೂರು, ಕೊಚ್ಚಿ ಎರಡೂ ಸಂಸ್ಥಾನಗಳು ಹೊರಗಿನ ಅಕ್ಕಿಯನ್ನೇ ನೆಚ್ಚಿದ್ದವು. ರೇಷನ್ ಬಂತು, ಗಂಜಿಯಲ್ಲಿ ಅಗುಳು ಕಡಿಮೆಯಾಗಿ ನೀರು ಹೆಚ್ಚಾಯಿತು, ಪಕ್ಕದಲ್ಲಿ ಬೇಯಿಸಿದ ಕಪ್ಪ ಬಂದು ಕುಳಿತಿತು. ಆ ಹಸಿವನ್ನು ಕಂಡವರು ಬದುಕು ಸುಧಾರಿಸಿದಾಗ ಗಂಜಿಗೆ ಬೆನ್ನು ತಿರುಗಿಸಿ ತುಂಬು ತಟ್ಟೆ ಬಿಳಿಯನ್ನ ಬಯಸಿದರೆ ಅದರಲ್ಲಿ ಆಶ್ಚರ್ಯವೇನು? ಅವರನ್ನು ಆಹಾರಶಾಸ್ತ್ರ ತಿಳಿಯದವರೆಂದು ಜರೆಯುವುದು ಹೊಟ್ಟೆ ತುಂಬಿದವರ ಮಾತು.

ಈಗ ಲೆಕ್ಕ ತಿರುಗಿದೆ. ಭಾರತೀಯ ವೈದ್ಯಕೀಯ ಸಂಶೋಧನಾ ಪರಿಷತ್ತಿನ ನೆರವಿನಿಂದ ನಡೆದು 2023ರಲ್ಲಿ ಪ್ರಕಟವಾದ ಸಮೀಕ್ಷೆಯ ಪ್ರಕಾರ, ಇಪ್ಪತ್ತು ವರ್ಷ ಮೀರಿದವರಲ್ಲಿ ಸಕ್ಕರೆ ಕಾಯಿಲೆಯ ಪ್ರಮಾಣ ದೇಶದಲ್ಲಿ ಶೇಕಡ 11.4, ಕೇರಳದಲ್ಲಿ ಶೇಕಡ 25.5. ನಾಲ್ವರಿಗೊಬ್ಬರು! ಕುಚ್ಚಲಕ್ಕಿ ಉಣ್ಣುವ ನಾಡಿನಲ್ಲೇ ಹೀಗಾದರೆ ಕುಚ್ಚಲು ಮಾಡಿದ್ದೇನು ಎಂದು ವಾಚಕರು ಕೇಳುವುದು ನ್ಯಾಯ. ಕುಚ್ಚಲಕ್ಕಿಯ ಸಕ್ಕರೆ ಬೆಳ್ತಿಗೆಗಿಂತ ಕೊಂಚ ನಿಧಾನವಾಗಿ ರಕ್ತಕ್ಕೆ ಸೇರುತ್ತದೆಂಬುದು ದಿಟ, ಆದರೆ ಮೂರು ಹೊತ್ತೂ ರಾಶಿ ಹಾಕಿಕೊಂಡರೆ ಆ ನಿಧಾನದಿಂದ ಪ್ರಯೋಜನವಿಲ್ಲ. ಗದ್ದೆಯಲ್ಲಿ ಬಾಗಿ ದುಡಿದವನ ಬಟ್ಟಲಿನ ಅಳತೆ ಕಚೇರಿಯ ಕುರ್ಚಿಯವನಿಗೆ ಸಲ್ಲದು. ಅಕ್ಕಿಯನ್ನು ಕರಗುವಷ್ಟು ಬೇಯಿಸಿದರೆ ಜೀರ್ಣವೂ ಬೇಗ, ಸಕ್ಕರೆ ಏರುವುದೂ ಬೇಗ. ಜ್ವರದವರಿಗೆ ಅದು ಒಳ್ಳೆಯದು, ಸಕ್ಕರೆ ಕಾಯಿಲೆಯವರಿಗೆ ಅಗುಳು ಗಟ್ಟಿಯಾಗಿರುವಾಗಲೇ ಇಳಿಸಿದ ಗಂಜಿ ಮೇಲು.

ಅಳತೆಗೂ ಕಾಳಿಗೂ ಇಲ್ಲಿಯ ಅಡಿಗೆಮನೆಯಲ್ಲೇ ಉತ್ತರವಿದೆ. ಹೆಸರುಕಾಳಿನ ಪಲ್ಯವಿಲ್ಲದೆ ಮಲಯಾಳಿಗಳ ಕಂಜಿ ಪೂರ್ತಿಯಾಗದು; ಕಂಜಿಯುಂ ಪಯರುಂ ಎಂದು ಜೋಡಿಯಾಗಿಯೇ ಹೇಳುತ್ತಾರೆ. ಅಕ್ಕಿಯ ಸಸಾರಜನಕದಲ್ಲಿರುವ ಕೊರತೆಯನ್ನು ಕಾಳು ತುಂಬುತ್ತದೆ, ಹಸಿವೂ ಬೇಗ ಮರಳುವುದಿಲ್ಲ. ನಮ್ಮ ಹುರುಳಿ ಚಟ್ನಿ ಮಾಡುವ ಕೆಲಸವೂ ಇದೇ. ಒಬ್ಬರಿಗೆ ಒಂದು ಹಿಡಿ ಅಕ್ಕಿ, ಅದರ ಅರ್ಧದಷ್ಟಾದರೂ ಕಾಳು, ಒಂದು ಸೊಪ್ಪಿನ ಪಲ್ಯ ಇಟ್ಟುಕೊಂಡರೆ ಸಾಕು. ಉಪ್ಪಿನ ವಿಷಯದಲ್ಲಿ ಮಾತ್ರ ನಮ್ಮವರು ಮಾತು ಕೇಳುವುದಿಲ್ಲ. ದಿನಕ್ಕೆ ಐದು ಗ್ರಾಮಿನೊಳಗಿರಬೇಕೆನ್ನುವುದು ವಿಶ್ವ ಆರೋಗ್ಯ ಸಂಸ್ಥೆಯ ಸಲಹೆ; ಉಪ್ಪು ಮಾವಿನಕಾಯಿ, ಹಪ್ಪಳ, ಬಾಳಕದ ಮೆಣಸು ಮೂರೂ ಒಂದೇ ಹೊತ್ತಿಗೆ ಬಂದರೆ ಆ ಐದು ಗ್ರಾಮು ಎಲ್ಲಿ ಉಳಿದೀತು? ದೇವರಿಗೂ ಮಾವಿನಕಾಯಿ ಒಂದೇ.

ಉಣ್ಣುವ ರೀತಿಯೂ ಕಲಿಯತಕ್ಕದ್ದು. ಹಲಸಿನ ಎಲೆಯಿಂದ ನಾವು ಕೊಟ್ಟೆ ಕಟ್ಟಿ ಕಡುಬು ಬೇಯಿಸಿದೆವು. ಇಲ್ಲಿಯವರು ಅದೇ ಎಲೆಯನ್ನು ಮಡಚಿ, ತೆಂಗಿನ ಗರಿಯ ಕಡ್ಡಿ ಚುಚ್ಚಿ ಚಮಚ ಮಾಡಿದರು. ಆ ಚಮಚದಲ್ಲಿ ಒಮ್ಮೆಗೆ ಏರುವುದೇ ನಾಲ್ಕು ಅಗುಳು, ಒಂದು ಗುಟುಕು ತಿಳಿ. ಗಂಜಿ ಬಿಸಿ, ಆತುರ ಪಟ್ಟರೆ ನಾಲಗೆ ಸುಡುತ್ತದೆ. ಹೊಟ್ಟೆ ತುಂಬಿತೆಂಬ ಸುದ್ದಿ ತಲೆಗೆ ತಲುಪಲು ಹತ್ತಿಪ್ಪತ್ತು ನಿಮಿಷ ಹಿಡಿಯುತ್ತದೆ. ಎಲೆಯ ಚಮಚ ಅಷ್ಟು ಕಾಲವನ್ನು ತಾನಾಗಿ ಕೊಡುತ್ತದೆ. ಟೆಲಿವಿಷನ್ ಮುಂದೆ, ಒಂದು ಕೈಯಲ್ಲಿ ಮೊಬೈಲ್ ಹಿಡಿದು, ಸ್ಟೀಲ್ ಚಮಚದಲ್ಲಿ ತುಂಬಿಸಿಕೊಳ್ಳುವಾಗ ಆ ಸುದ್ದಿ ಬರುವಷ್ಟರಲ್ಲಿ ಎರಡನೆಯ ಬಟ್ಟಲೂ ಮುಗಿದಿರುತ್ತದೆ.

ಜುಲೈ ನಡುವಿನಿಂದ ಆಗಸ್ಟ್ ನಡುವಿನವರೆಗಿನ ತಿಂಗಳು ಇಲ್ಲಿ ಕರ್ಕಾಟಕ, ತುಳುನಾಡಿನಲ್ಲಿ ಆಟಿ. ಹೊಲಗೆಲಸವಿಲ್ಲದ, ಕಣಜ ಬರಿದಾಗುವ, ಮಳೆ ಬಿಡದ ತಿಂಗಳು. ಇಲ್ಲಿಯವರು ಞವರ ಅಕ್ಕಿಗೆ ಮೆಂತ್ಯ, ಅಳವಿ ಬೀಜ, ನಾರುಬೇರು ಸೇರಿಸಿ ಔಷಧಿಯ ಕಂಜಿ ಮಾಡುತ್ತಾರೆ. ನಮ್ಮವರು ಆಟಿ ಅಮಾವಾಸ್ಯೆಯ ಬೆಳಿಗ್ಗೆ ಹಾಲೆ ಮರದ ಕೆತ್ತೆಯ ಕಷಾಯ ಕುಡಿದು, ಅದರ ಉಷ್ಣಕ್ಕೆ ತಂಪಾಗಲೆಂದು ಮೆಂತೆ ಗಂಜಿ ಉಣ್ಣುತ್ತಾರೆ. ಕೊಚ್ಚಿಯ ಅಂಗಡಿಗಳಲ್ಲಿ ಈಗ ಆ ತಿಂಗಳು ಬಂತೆಂದರೆ ಕರ್ಕಾಟಕ ಕಂಜಿಯ ಪೊಟ್ಟಣಗಳು ಸಾಲಾಗಿ ನಿಲ್ಲುತ್ತವೆ. ಪೊಟ್ಟಣವಿಲ್ಲದೆಯೂ ಆಗುತ್ತದೆ: ಎರಡು ಚಮಚ ಮೆಂತ್ಯವನ್ನು ರಾತ್ರಿ ನೆನೆಸಿ, ಕುಚ್ಚಲಕ್ಕಿಯ ಜೊತೆ ಬೇಯಿಸಿ, ಇಳಿಸುವ ಮುನ್ನ ಒಂದಿಷ್ಟು ತೆಂಗಿನಹಾಲು ಹಾಕಬೇಕು. ಬೆಲ್ಲ ಹಾಕುವುದು ವಾಡಿಕೆ. ಸಕ್ಕರೆ ಕಾಯಿಲೆಯವರಿರುವ ಮನೆಯಲ್ಲಿ ಅದರ ಬದಲು ಜೀರಿಗೆಯೂ ಚಿಟಿಕೆ ಉಪ್ಪೂ ಹಾಕಬಹುದು. ಮಕ್ಕಳು ಮೊದಲ ದಿನ ಕಹಿಯೆಂದು ಮುಖ ತಿರುಗಿಸುತ್ತಾರೆ. ಅಂಗಳದಲ್ಲಿ ಹಲಸಿನ ಮರವಿದ್ದರೆ ಎಲೆ ಕೊಯ್ದು ಚಮಚ ಮಾಡುವ ಕೆಲಸವನ್ನು ಅವರಿಗೇ ವಹಿಸಿ ನೋಡಬಹುದು.