ಮಾಡ್ ಒಳಗೊಬ್ಬ ಕಳ್ಳ: 2023ರ ಜೂನ್‌ನಲ್ಲಿ ಮೈನ್‌ಕ್ರಾಫ್ಟ್‌ಗೆ ಏನಾಯ್ತು?

ಹೋದ ತಿಂಗಳು ಶಿವಮೊಗ್ಗದಿಂದ ನನ್ನ ಅಕ್ಕನ ಮಗ ಫೋನ್ ಮಾಡಿದ್ದ. ಎಂಟನೇ ಕ್ಲಾಸು. "ಮಾಮ, ಮೈನ್‌ಕ್ರಾಫ್ಟ್‌ಗೆ ಒಂದು ಸಖತ್ ಮಾಡ್ ಬಂದಿದೆ, ನಿನ್ನೆ ತಾನೆ ಹಾಕಿದಾರೆ. ಹಾಕ್ಕೊಳ್ಳಲಾ? ಅಮ್ಮಂಗೆ ಹೇಳ್ಬೇಡ."

ಅವನು ಆಡೋದು ಅಕ್ಕನ ಲ್ಯಾಪ್‌ಟಾಪಿನಲ್ಲಿ. ಅಕ್ಕ ಟೀಚರು. ಮಕ್ಕಳ ಮಾರ್ಕ್ಸು, ನೆಟ್ ಬ್ಯಾಂಕಿಂಗು, ಭಾವನ ಇಮೇಲು, ಎಲ್ಲ ಅದರಲ್ಲೇ. ಪಾಸ್‌ವರ್ಡೂ ಬ್ರೌಸರಿನಲ್ಲೇ ಸೇವ್. ಆದರೂ "ಬೇಡ" ಅಂತ ಒಂದೇ ಮಾತಲ್ಲಿ ಹೇಳೋಕೆ ನಂಗೆ ಬಾಯಿ ಬರಲಿಲ್ಲ, ನಾನೂ ಮಾಡ್ ಹಾಕ್ಕೊಂಡೇ ಆಡಿ ಬೆಳೆದವನು. ಅದಕ್ಕೆ ಒಂದು ಕಥೆ ಹೇಳಿದೆ. ಇವತ್ತು ನಿಮಗೂ ಅದೇ ಕಥೆ.

ಮಾಡ್ ಅಂದ್ರೆ ಆಟ ಮಾಡಿದವರು ಕೊಟ್ಟಿದ್ದನ್ನ ಆಡೋರು ತಮಗೆ ಬೇಕಾದ ಹಾಗೆ ಬದಲಾಯಿಸಿಕೊಳ್ಳೋದು. 1993ರ ಡಿಸೆಂಬರ್‌ನಲ್ಲಿ 'ಡೂಮ್' ಬಂತು. ಐಡಿ ಸಾಫ್ಟ್‌ವೇರ್‌ನವರು ಅದರ ನಕ್ಷೆ, ಚಿತ್ರ, ಸದ್ದುಗಳನ್ನೆಲ್ಲ ಆಟದ ಪ್ರೋಗ್ರಾಮಿನಿಂದ ಬೇರೆ ಮಾಡಿ 'ವ್ಯಾಡ್' ಅನ್ನೋ ಫೈಲಿನಲ್ಲಿಟ್ಟಿದ್ದರು. ಜನ ತಮ್ಮದೇ ವ್ಯಾಡ್ ಮಾಡಿ ಹಂಚೋಕೆ ಶುರು ಮಾಡಿದ್ರು. ಅದರಲ್ಲಿದ್ದದ್ದು ಬರೀ ಸಾಮಾನು, ಅಂದ್ರೆ ಡೇಟಾ. 1996ರಲ್ಲಿ 'ಕ್ವೇಕ್' ಬಂದಾಗ ಆಟದ ನಿಯಮವನ್ನೇ ಬದಲಾಯಿಸುವ ಕೋಡ್ ಬರೆಯೋಕೆ ಅವಕಾಶ ಸಿಕ್ಕಿತು. ಆದರೆ ಆ ಕೋಡ್ ಓಡ್ತಿದ್ದದ್ದು ಆಟ ಹಾಕಿದ ಬೇಲಿಯ ಒಳಗೇ. 1998ರ 'ಹಾಫ್-ಲೈಫ್' ಹೊತ್ತಿಗೆ ಮಾಡ್ ಒಂದು ಪೂರ್ತಿ ಪ್ರೋಗ್ರಾಮೇ ಆಯ್ತು, ಬೇಲಿ ಹೋಯ್ತು. ಮರುವರ್ಷ ಅದರ ಮೇಲೇ ಇಬ್ಬರು ಹುಡುಗರು 'ಕೌಂಟರ್-ಸ್ಟ್ರೈಕ್' ಕಟ್ಟಿದ್ರು. ಹೌದು, ಅದು ಹುಟ್ಟಿದ್ದೇ ಮಾಡ್ ಆಗಿ.

ಮೈನ್‌ಕ್ರಾಫ್ಟ್ ಜಾವಾ ಎಡಿಶನ್‌ನ ಮಾಡ್ ಕೂಡ ಹೀಗೇ. 'ಜಾರ್' ಫೈಲು, ಒಳಗೆ ಜಾವಾ ಕೋಡು. ನಿಮ್ಮ ಕಂಪ್ಯೂಟರಿನಲ್ಲಿ ನೀವು ಏನೇನು ಮಾಡಬಹುದೋ ಅದೂ ಹೆಚ್ಚುಕಮ್ಮಿ ಅಷ್ಟೆಲ್ಲ ಮಾಡಬಹುದು. ಹೊಸ ಲೋಕ ಕಟ್ಟಬಹುದು, ಪಕ್ಕದ ಫೋಲ್ಡರೂ ತೆರೆಯಬಹುದು. ಆ ಶಕ್ತಿ ಬೇಕು ಅಂದ್ರೆ ಈ ಅಪಾಯನೂ ಜೊತೆಗೇ ಬರುತ್ತೆ, ಬಿಡಿಸಿ ಕೊಡೋಕಾಗಲ್ಲ.

ಇನ್ನೊಂದು ಆಟದಲ್ಲಿ ಇದರ ಒಂದು ಎಚ್ಚರಿಕೆ ಮೊದಲೇ ಸಿಕ್ಕಿತ್ತು. 2015ರ ಏಪ್ರಿಲ್‌ನಲ್ಲಿ 'ಜಿಟಿಎ ಫೈವ್' ಪಿಸಿಗೆ ಬಂತು. ಮುಂದಿನ ತಿಂಗಳೇ 'ಆಂಗ್ರಿ ಪ್ಲೇನ್ಸ್', 'ನೋಕ್ಲಿಪ್' ಅನ್ನೋ ಎರಡು ಮಾಡ್‌ಗಳಲ್ಲಿ ಮಾಲ್‌ವೇರ್ ಸಿಕ್ಕಿತು. ಒಂದು ನಿಮ್ಮ ಮೇಲೆ ವಿಮಾನಗಳನ್ನ ಛೂ ಬಿಡುತ್ತೆ, ಇನ್ನೊಂದು ಗೋಡೆಯೊಳಗೆ ನುಗ್ಗಿ ನಡೆಸುತ್ತೆ. ಎರಡೂ ಹೇಳಿದ ಕೆಲಸ ಸರಿಯಾಗೇ ಮಾಡ್ತಿದ್ವು! ಹಿಂದುಗಡೆ ಕೀಬೋರ್ಡ್‌ನಲ್ಲಿ ಒತ್ತಿದ ಅಕ್ಷರಗಳನ್ನೂ ಕದೀತಿದ್ವು. ಹಿಡಿದದ್ದು ಒಬ್ಬ ಆಟಗಾರ. ಆಟ ಆಡುವಾಗ ಸಿ ಶಾರ್ಪ್ ಕಂಪೈಲರ್ ಯಾಕಪ್ಪ ಓಡ್ತಿದೆ ಅಂತ ಅವನಿಗೆ ಅನುಮಾನ ಬಂತು, ಅಷ್ಟೇ.

ಈಗ 2023ರ ಜೂನ್ ಮೊದಲ ವಾರಕ್ಕೆ ಬನ್ನಿ. ಕರ್ಸ್‌ಫೋರ್ಜ್ ಅನ್ನೋದು ಮೈನ್‌ಕ್ರಾಫ್ಟ್ ಮಾಡ್‌ಗಳ ದೊಡ್ಡ ಸಂತೆ. "ಸಿಕ್ಕಸಿಕ್ಕ ಕಡೆ ಬೇಡ, ಕರ್ಸ್‌ಫೋರ್ಜ್‌ನಿಂದ ತಗೋ" ಅಂತ ಬುದ್ಧಿ ಹೇಳೋರೇ ಹೇಳ್ತಿದ್ದ ಜಾಗ. ಅಲ್ಲೇ, ಲಕ್ಷಾಂತರ ಜನ ನಂಬಿದ್ದ ಖಾತೆಗಳಿಂದಲೇ ವಿಷ ಬಂತು. 'ಬೆಟರ್ ಮೈನ್‌ಕ್ರಾಫ್ಟ್' ಅನ್ನೋ ಜನಪ್ರಿಯ ಮಾಡ್‌ಪ್ಯಾಕ್ ಕೂಡ ಸಿಕ್ಕಿಹಾಕಿಕೊಂಡಿತು. ಇದಕ್ಕೆ 'ಫ್ರಾಕ್ಚರೈಸರ್' ಅಂತ ಹೆಸರಾಯ್ತು.

ಕೆಲಸ ಮಾಡ್ತಿದ್ದ ರೀತಿ ಕೇಳಿ. ಮಾಡ್ ಒಳಗೆ ಸೇರಿಸಿದ್ದು ಚೂರೇ ಚೂರು ಕೋಡು. ಆಟ ಶುರುವಾದ ತಕ್ಷಣ ಅದು ಇಂಟರ್‌ನೆಟ್‌ನಿಂದ ಇನ್ನೊಂದು ಫೈಲ್ ತರಿಸುತ್ತೆ, ಅದು ಮತ್ತೊಂದನ್ನ. ವಿಂಡೋಸ್‌ನಲ್ಲಿ ಅಡಗಿ ಕೂತಿದ್ದು 'ಮೈಕ್ರೋಸಾಫ್ಟ್ ಎಡ್ಜ್' ಅನ್ನೋ ಫೋಲ್ಡರಿನಲ್ಲಿ. ನಿಜವಾದ ಎಡ್ಜ್ ಬ್ರೌಸರ್ ಇರೋದು 'ಮೈಕ್ರೋಸಾಫ್ಟ್' ಫೋಲ್ಡರಿನ ಒಳಗಿನ 'ಎಡ್ಜ್'ನಲ್ಲಿ. ಎರಡೂ ಪದ ಸೇರಿಸಿ ಒಂದೇ ಫೋಲ್ಡರ್ ಮಾಡಿದಾರೆ. ಯಾರ ಕಣ್ಣಿಗೆ ಬೀಳುತ್ತೆ ಹೇಳಿ? ಕೊನೆಯ ಹಂತದಲ್ಲಿ ಬ್ರೌಸರಿನ ಕುಕೀ, ಲಾಗಿನ್, ಡಿಸ್ಕಾರ್ಡ್ ಮತ್ತು ಮೈಕ್ರೋಸಾಫ್ಟ್ ಖಾತೆ ಎಲ್ಲಕ್ಕೂ ಕೈ ಹಾಕ್ತಿತ್ತು. ನೀವು ಕಾಪಿ ಮಾಡಿದ ಕ್ರಿಪ್ಟೋ ವಿಳಾಸವನ್ನ ಪೇಸ್ಟ್ ಮಾಡೋಷ್ಟರಲ್ಲಿ ಬದಲಾಯಿಸಿಬಿಡ್ತಿತ್ತು.

ನಂಗೆ ನಿಜವಾಗಿ ಹೆದರಿಕೆ ಆಗಿದ್ದು ಇನ್ನೊಂದು ವಿಷಯಕ್ಕೆ. ಕಂಪ್ಯೂಟರಿನಲ್ಲಿ ಸಿಕ್ಕ ಜಾರ್ ಫೈಲುಗಳಿಗೆಲ್ಲ ಅದು ಅಂಟಿಕೊಳ್ತಿತ್ತು. ಮಾಡ್ ಬರೆಯೋನ ಕಂಪ್ಯೂಟರಿಗೆ ಹೋದ್ರೆ? ಅವನು ತಾನೇ ಬರೆದ ಮಾಡ್ ಕೂಡ ಸೋಂಕು ಹತ್ತಿಸಿಕೊಂಡು ಹೊರಗೆ ಬರಬಹುದು. ಅವನಿಗೇ ಗೊತ್ತಿರಲ್ಲ, ಕೆಟ್ಟ ಉದ್ದೇಶನೂ ಇರಲ್ಲ.

ಬಿಡಿಸಿದ್ದು ಯಾರು? ಮಾಡ್ ಬರೆಯೋ ಹುಡುಗ್ರೇ. ಯಾರೂ ಸಂಬಳ ಕೊಡದಿದ್ರೂ ಸೇರಿಕೊಂಡು ಕೋಡ್ ಬಿಚ್ಚಿ ನೋಡಿ, ಏನು ಅಳಿಸಬೇಕು, ಎಲ್ಲಿ ಹುಡುಕಬೇಕು ಅಂತ ಎಲ್ಲರಿಗೂ ಕಾಣೋ ಹಾಗೆ ಬರೆದಿಟ್ಟರು. ಕರ್ಸ್‌ಫೋರ್ಜ್ ಪತ್ತೆ ಮಾಡೋ ಟೂಲ್ ಬಿಟ್ಟಿತು. ಆದರೆ ಅದೇ ವರ್ಷ ಕ್ರಿಸ್‌ಮಸ್ ದಿನ 'ಸ್ಲೇ ದ ಸ್ಪೈರ್' ಆಟದ 'ಡೌನ್‌ಫಾಲ್' ಮಾಡ್‌ಗೆ ಇಂಥದ್ದೇ ಆಯ್ತು, ಅದೂ ಸ್ಟೀಮ್‌ನಲ್ಲಿ. ಕೆಟ್ಟ ಅಪ್‌ಡೇಟ್ ಇದ್ದದ್ದು ಸುಮಾರು ಒಂದು ಗಂಟೆ. ಆ ಒಂದು ಗಂಟೆಯಲ್ಲಿ ಆಟ ತೆರೆದವರಿಗೆ ಮಾತ್ರ ತೊಂದರೆ.

ಇಷ್ಟು ಕೇಳಿ ನಮ್ಮ ಹುಡುಗ, "ಹಂಗಾದ್ರೆ ಮೊಬೈಲಲ್ಲಿ ಆಡ್ತೀನಿ ಬಿಡು" ಅಂದ. ಫ್ರಾಕ್ಚರೈಸರ್ ಮೊಬೈಲಿನ ಮೈನ್‌ಕ್ರಾಫ್ಟ್‌ಗೆ ತಟ್ಟಲಿಲ್ಲ, ಅದು ನಿಜ. ಆದರೆ ಮೊಬೈಲಿಗೆ ಅದರದ್ದೇ ರೋಗ ಇದೆ: "ಅನ್‌ಲಿಮಿಟೆಡ್ ಕಾಯಿನ್ಸ್" ಅಂತ ಬರೋ ಮಾಡ್ ಎಪಿಕೆ. ಆಂಡ್ರಾಯ್ಡ್‌ನಲ್ಲಿ ಪ್ರತಿ ಆ್ಯಪ್‌ಗೂ ಮಾಡಿದವರ ಡಿಜಿಟಲ್ ಸಹಿ ಇರುತ್ತೆ. ಒಳಗೆ ಕೈಯಾಡಿಸಿದ್ರೆ ಆ ಸಹಿ ನಿಲ್ಲಲ್ಲ, ತಿದ್ದಿದವನು ತನ್ನ ಸಹಿ ಹಾಕಬೇಕು. "ಮೊದಲು ಒರಿಜಿನಲ್ ಅನ್‌ಇನ್‌ಸ್ಟಾಲ್ ಮಾಡಿ" ಅಂತ ಹೇಳ್ತಾರಲ್ಲ, ಅದು ಇದಕ್ಕೇ. ಸಹಿ ಬೇರೆ, ಹಳೆಯದರ ಮೇಲೆ ಕೂರಲ್ಲ.

2016ರ ಜುಲೈ ನೆನಪಿದ್ಯಾ? ಪೋಕೆಮಾನ್ ಗೋ ಬಂತು, ಭಾರತಕ್ಕೆ ಅಧಿಕೃತವಾಗಿ ಬಂದಿದ್ದು ಡಿಸೆಂಬರ್‌ನಲ್ಲಿ. ಅಲ್ಲಿವರೆಗೆ ಕಾಯೋಕೆ ಯಾರಿಗೆ ತಾಳ್ಮೆ? ಇಲ್ಲಿ ಎಷ್ಟೋ ಜನ ಹೊರಗಿನಿಂದ ಎಪಿಕೆ ತಂದೇ ಆಡಿದ್ರು. ಆಟ ಬಿಡುಗಡೆಯಾದ ಮೂರೇ ದಿನದೊಳಗೆ 'ಡ್ರಾಯ್ಡ್‌ಜಾಕ್' ಅನ್ನೋ ಮಾಲ್‌ವೇರ್ ತುಂಬಿದ ಒಂದು ಪೋಕೆಮಾನ್ ಎಪಿಕೆ ಇಂಟರ್‌ನೆಟ್‌ಗೆ ಬಂದಿತ್ತು. ಪೋಕೆಮಾನ್ ಹಿಡಿಯೋ ಆಟಕ್ಕೆ ಎಸ್ಸೆಮ್ಮೆಸ್ ಓದೋ ಪರ್ಮಿಶನ್ ಯಾಕೆ ಬೇಕು? ನಮ್ಮ ಓಟಿಪಿ ಬರೋದು ಅಲ್ಲಿಗೇ ಅಲ್ವಾ.

ಅವನಿಗೆ ಮೂರು ಕೆಲಸ ಹೇಳಿದೆ. ಹೊಸ ಮಾಡ್, ಹೊಸ ಅಪ್‌ಡೇಟ್ ಅಂದ್ರೆ ಒಂದು ವಾರ ಕಾಯಿ, ಬೇರೆಯವರು ಏನಂತಾರೆ ನೋಡು. ಅಮ್ಮನ ಲ್ಯಾಪ್‌ಟಾಪ್ ಬೇಡ, ಅಟ್ಟದ ಮೇಲಿರೋ ಹಳೇ ಕಂಪ್ಯೂಟರ್ ಇಳಿಸು, ಅದರಲ್ಲಿ ಬ್ಯಾಂಕೂ ಬೇಡ, ಇಮೇಲೂ ಬೇಡ. ಮಾಡ್ ಹಾಕೋಕೆ ಆಂಟಿವೈರಸ್ ಆಫ್ ಮಾಡಿ ಅಂತ ಯಾರಾದ್ರೂ ಹೇಳಿದ್ರೆ ಅಲ್ಲಿಗೇ ಬಿಡು.

ಹೋದ ಭಾನುವಾರ ಮತ್ತೆ ಫೋನ್ ಬಂತು. ಹಳೇ ಕಂಪ್ಯೂಟರ್ ಆನ್ ಆಗ್ತಿದೆಯಂತೆ, ಮೈನ್‌ಕ್ರಾಫ್ಟ್ ಮಾತ್ರ ತೆವಳುತ್ತಂತೆ. "ಮಾಮ, ರ‍್ಯಾಮ್ ಕೊಡಿಸ್ತೀಯಾ?" ಅಂದ. ಹಿಂದುಗಡೆಯಿಂದ ಅಕ್ಕನ ದನಿ: "ಏನೋ ಅದು, ನಂಗೆ ಹೇಳ್ಬೇಡ ಅಂದಿದ್ದು?"