ಜಡ್ಡುಗಟ್ಟಿದ ಕೈ, ಜಾರುವ ಗಾಜು

ಟ್ಯಾಬ್ಲೆಟ್ಟಿನ ಮೇಲೆ ಕೈಬರಹ ಬರೆಯುವವರು ಸಾಮಾನ್ಯವಾಗಿ ಒಂದು ಮಾತು ಹೇಳುತ್ತಾರೆ: ಗಾಜು ಜಾರುತ್ತದೆ, ಕಾಗದದ ಸುಖ ಇಲ್ಲ. ಇದು ಉಳ್ಳವರ ದೂರು ಅಂತ ನಮ್ಮಲ್ಲಿ ಕೆಲವರು ನಕ್ಕು ಸುಮ್ಮನಾಗುತ್ತಾರೆ. ಹೊಟ್ಟೆಗೆ ಹಿಟ್ಟಿಲ್ಲದವರ ಮುಂದೆ ಜುಟ್ಟಿನ ಮಲ್ಲಿಗೆಯ ಮಾತು ಯಾಕೆ ಅನ್ನುತ್ತಾರೆ. ನಾವು ಅಷ್ಟಕ್ಕೇ ಬಿಡಲು ತಯಾರಿಲ್ಲ. ಬರೆಯುವ ಕೈಗೆ ಯಾವುದು ಹಿತ, ಯಾವುದು ಅಹಿತ ಎಂಬುದಕ್ಕೂ ಒಂದು ಚರಿತ್ರೆ ಇದೆ. ಆ ಚರಿತ್ರೆಯಲ್ಲಿ ನಮ್ಮ ಕೈ ಬಹುಕಾಲ ಹೊರಗೆ ನಿಂತಿತ್ತು. ಹೊರಗೆ ನಿಂತವನಿಗೆ ಹಲಗೆ ಜಾರುತ್ತದೆ ಅಂತ ದೂರುವ ಹಕ್ಕು ಕೂಡ ಇರಲಿಲ್ಲ.

ಮೊದಲು ಈ ಜಾರುವುದು ಅಂದರೇನು ನೋಡೋಣ. ಕಾಗದ ಕಣ್ಣಿಗೆ ನುಣುಪಾಗಿ ಕಂಡರೂ ಅದು ನಾರುಗಳ ಹೆಣಿಗೆ. ಪೆನ್ನಿನ ಮೊನೆ ಆ ನಾರಿಗೆ ತಾಕಿ, ತಡೆದು ತಡೆದು ಮುಂದೆ ಹೋಗುತ್ತದೆ. ಆ ಸಣ್ಣ ತಡೆಯೇ ಕೈಗೆ ಸುದ್ದಿ ಕೊಡುವುದು: ಇಲ್ಲಿ ತಿರುಗು, ಇಲ್ಲಿ ನಿಲ್ಲು ಅಂತ. ಗಾಜಿನ ಮೇಲೆ ಪ್ಲಾಸ್ಟಿಕ್ ಮೊನೆ ಇಟ್ಟರೆ ಆ ಸುದ್ದಿ ಸರಿಯಾಗಿ ಬರುವುದಿಲ್ಲ. ಅಲಾಮಾರ್ಗೊ ಮತ್ತು ಮೊರಿನ್ ಎಂಬ ಸಂಶೋಧಕರು 2015ರಲ್ಲಿ ಪ್ರಕಟಿಸಿದ ಅಧ್ಯಯನವೊಂದರಲ್ಲಿ ಇದನ್ನು ಮಕ್ಕಳ ಕೈಯಲ್ಲೇ ನೋಡಿದ್ದಾರೆ. ಗಾಜಿನ ಮೇಲೆ ಬರೆಯುವಾಗ ಎರಡನೇ ತರಗತಿಯ ಮಕ್ಕಳು ನಡುನಡುವೆ ಹೆಚ್ಚು ಹೊತ್ತು ನಿಂತರು. ಒಂಬತ್ತನೇ ತರಗತಿಯವರು ಮೊನೆಯನ್ನು ಹೆಚ್ಚು ಒತ್ತಿ, ಹೆಚ್ಚು ವೇಗವಾಗಿ ಬರೆದರು. ಪಳಗಿದ ಕೈ ಹೇಗೋ ದಾರಿ ಮಾಡಿಕೊಳ್ಳುತ್ತದೆ, ಹೊಸದಾಗಿ ಕಲಿಯುವ ಕೈ ತಡವರಿಸುತ್ತದೆ. ಇದನ್ನು ನೆನಪಿಟ್ಟುಕೊಳ್ಳಿ.

ಜಾರುವುದರ ಜೊತೆ ಇನ್ನೂ ಮೂರು ತೊಡಕುಗಳಿವೆ. ಗಾಜಿಗೂ ಅದರಡಿಯ ಚಿತ್ರಕ್ಕೂ ನಡುವೆ ಸಂದಿರುವುದರಿಂದ ಮೊನೆ ಇಟ್ಟದ್ದು ಒಂದು ಕಡೆ, ಗೆರೆ ಕಂಡದ್ದು ಇನ್ನೊಂದು ಕಡೆ. ಯಂತ್ರ ಲೆಕ್ಕ ಹಾಕುವಷ್ಟರಲ್ಲಿ ಮೊನೆ ಮುಂದೆ ಓಡುತ್ತದೆ, ಗೆರೆ ಹಿಂದೆ ಬರುತ್ತದೆ. ಮೂರನೆಯದು ಅಂಗೈ. ಬರೆಯುವವನು ಅಂಗೈಯ ಅಂಚನ್ನು ಹಾಳೆಯ ಮೇಲೆ ಊರದೆ ಬರೆಯಲಾರ. ಹಳೆಯ ಪರದೆಗಳು ಅಂಗೈಯನ್ನೂ ಬರಹ ಅಂತಲೇ ತಿಳಿದು ಗೀಚುತ್ತಿದ್ದವು.

ಈ ತೊಡಕುಗಳನ್ನು ಬರೀ ಯಂತ್ರದ ಸಮಸ್ಯೆ ಅಂತ ನೋಡಿದರೆ ಅರ್ಧ ಮಾತ್ರ ಕಾಣುತ್ತದೆ. ಯಾವ ಹಲಗೆಯನ್ನು ಯಾರ ಕೈ ನೆನೆದು ಮಾಡಿದರು ಅಂತ ಕೇಳಿದರೆ ಉಳಿದರ್ಧ ಕಂಡೀತು. ಅದಕ್ಕೆ ನಾವು ನಮ್ಮ ನಾಡಿನ ಹಳೆಯ ಹಲಗೆಗಳಿಂದಲೇ ಶುರುಮಾಡಬೇಕು.

ಒರೆಸಿ ಮತ್ತೆ ಬರೆಯುವ ಹಲಗೆ ಹೊಸದೇನಲ್ಲ. ಓಲೆಗರಿಯ ಮೇಲೆ ಕಬ್ಬಿಣದ ಕಂಠದಿಂದ ಕೊರೆಯುತ್ತಿದ್ದ ಕಾಲದಲ್ಲೇ ಕನ್ನಡ ನಾಡಿನಲ್ಲಿ ಕಡತ ಇತ್ತು. ಬಟ್ಟೆಗೆ ಹುಣಸೆಬೀಜದ ಸರಿ, ಇದ್ದಿಲ ಪುಡಿ ಬಳಿದು, ಒಣಗಿಸಿ, ಮಡಿಕೆ ಮಡಿಕೆಯಾಗಿ ಮಡಚಿದ ಕಪ್ಪು ಹಲಗೆ ಅದು. ಬಳಪದಿಂದ ಬರೆಯುವುದು, ಬೇಡವಾದರೆ ಒರೆಸಿ ಮತ್ತೆ ಬರೆಯುವುದು. ಶೃಂಗೇರಿ ಮಠದ ಕಡತಗಳು ಇವತ್ತಿಗೂ ಚರಿತ್ರೆಕಾರರಿಗೆ ಆಕರ. ಹಾಗಾದರೆ ಆ ಬಟ್ಟೆ ನೇಯ್ದವರು ಯಾರು? ಇದ್ದಿಲು ಸುಟ್ಟವರು ಯಾರು? ಹುಣಸೆಬೀಜ ಅರೆದ ಕೈ ಯಾವುದು? ಬರೆದವರು ಮಾತ್ರ ಶಾನುಭೋಗರು, ಸಾಹುಕಾರರು, ಮಠದ ಲೆಕ್ಕದವರು. ಆ ಕಡತಗಳಲ್ಲಿ ನಮ್ಮವರ ಹೆಸರು ಇರಲಿಲ್ಲ ಅಂತಲ್ಲ. ಸಾಲದ ಲೆಕ್ಕದಲ್ಲಿ ಇದ್ದೆವು, ಬಿಟ್ಟಿಯ ಲೆಕ್ಕದಲ್ಲಿ ಇದ್ದೆವು. ಬರೆಯುವುದೂ ಅವರ ಕೈ, ಒರೆಸುವುದೂ ಅವರ ಕೈ. ನಮ್ಮ ಪಾಲಿಗೆ ಬಂದದ್ದು ಹೆಬ್ಬೆಟ್ಟು. ಶಾನುಭೋಗಿಕೆ ಅಪ್ಪನಿಂದ ಮಗನಿಗೆ ಇಳಿದು ಬರುವುದನ್ನು 1961ರ ಗ್ರಾಮಾಧಿಕಾರ ರದ್ದತಿ ಕಾಯಿದೆ ಕೊನೆಗಾಣಿಸಿತು. ಕಡತ ಅನ್ನುವ ಮಾತು ಮಾತ್ರ ಸರ್ಕಾರಿ ಕಚೇರಿಯ ಫೈಲಿಗೆ ಅಂಟಿಕೊಂಡು ಉಳಿದಿದೆ.

19ನೇ ಶತಮಾನದಲ್ಲಿ ಸರ್ಕಾರಿ ಶಾಲೆ, ಮಿಷನ್ ಶಾಲೆಗಳ ಜೊತೆ ಸ್ಲೇಟು ಹರಡಿತು. ಕಲ್ಲಿನ ಹಲಗೆ, ಕಲ್ಲಿನ ಕಡ್ಡಿ. ಗೀಚಿದರೆ ಸದ್ದು ಮಾಡಿ ಕೈಗೆ ಉತ್ತರ ಕೊಡುವ ಹಲಗೆ. ಆ ಹಲಗೆಯ ಹತ್ತಿರ ಹೋಗುವುದಕ್ಕೇ ನಾವು ಅರ್ಜಿ ಹಾಕಬೇಕಾಯಿತು. 1856ರ ಜೂನ್ ತಿಂಗಳಲ್ಲಿ ಧಾರವಾಡದ ಸರ್ಕಾರಿ ಶಾಲೆಗೆ ಒಬ್ಬ ಮಹಾರ್ ಹುಡುಗನನ್ನು ಸೇರಿಸಿಕೊಳ್ಳಿ ಅನ್ನುವ ಅರ್ಜಿ ಮುಂಬಯಿ ಸರ್ಕಾರದ ಮುಂದೆ ಹೋಯಿತು. ಒಬ್ಬ ಹುಡುಗನಿಗಾಗಿ ಮಿಕ್ಕವರ ಪೂರ್ವಗ್ರಹ ಕೆದಕಿದರೆ ಶಾಲೆಯೇ ಬರಿದಾದೀತು ಅಂತ ಸರ್ಕಾರ ಕೈಚೆಲ್ಲಿತು. ಬಾಬಾಸಾಹೇಬರು 1928ರಲ್ಲಿ ಸೈಮನ್ ಆಯೋಗಕ್ಕೆ ಕೊಟ್ಟ ಹೇಳಿಕೆಯಲ್ಲಿ ಈ ಪ್ರಕರಣವನ್ನು ಎತ್ತಿ ತೋರಿಸಿದ್ದಾರೆ. ಅವರ ಸ್ವಂತ ಅನುಭವವೂ ಬೇರೆಯಾಗಿರಲಿಲ್ಲ. ಮುಂಬಯಿಯ ಎಲ್ಫಿನ್‌ಸ್ಟನ್ ಪ್ರೌಢಶಾಲೆಯಲ್ಲಿ ಮೇಷ್ಟರು ಅವರನ್ನು ಲೆಕ್ಕ ಬಿಡಿಸಲು ಕರೆದಾಗ, ಕಪ್ಪುಹಲಗೆಯ ಹಿಂದೆ ಇಟ್ಟಿದ್ದ ಬುತ್ತಿಗಳನ್ನು ಮೇಲ್ಜಾತಿಯ ಹುಡುಗರು ಓಡಿಬಂದು ಎತ್ತಿಕೊಂಡರು. ಹಲಗೆ ಮುಟ್ಟಿದರೆ ಅನ್ನ ಮೈಲಿಗೆ!

ಆ ಸ್ಲೇಟು ಕೂಡ ಯಾರದೋ ಎದೆಯಿಂದ ಬಂದದ್ದು. ಮಧ್ಯಪ್ರದೇಶದ ಮಂದಸೌರ್‌ನಲ್ಲಿ ಸ್ಲೇಟುಕಡ್ಡಿ ಕೊಯ್ಯುತ್ತಿದ್ದ ಕೂಲಿಗಳ ಶ್ವಾಸಕೋಶಕ್ಕೆ ಕಲ್ಲಿನ ದೂಳು ತುಂಬಿ ಸಿಲಿಕೋಸಿಸ್ ಹತ್ತಿತು. ಎಷ್ಟೋ ಜನ ವಯಸ್ಸಾಗುವ ಮುಂಚೆಯೇ ಸತ್ತರು. ಅವರ ಕಲ್ಯಾಣಕ್ಕೆ ಅಂತ 1980ರ ದಶಕದಲ್ಲಿ ಆ ರಾಜ್ಯ ಪ್ರತ್ಯೇಕ ಕಾಯಿದೆಯನ್ನೇ ಮಾಡಬೇಕಾಯಿತು. ನಾಡಿನ ಮಕ್ಕಳು 'ಅ ಆ' ತಿದ್ದಿದ ಕಡ್ಡಿಯ ಹಿಂದೆ ಈ ಕೆಮ್ಮು ಇದೆ.

ಬರೆಯುವ ಕೈಗೂ ಹಲಗೆಗೂ ನಡುವಿನ ಸಂಬಂಧವನ್ನು ನಮ್ಮ ಚಳವಳಿ ಕಲಿತದ್ದು ಸ್ಟೆನ್ಸಿಲ್ ಮೇಲೆ. 1973ರ ಬೂಸಾ ಪ್ರಕರಣ, ಆ ದಶಕದಲ್ಲೇ ಕಟ್ಟಿದ ದಲಿತ ಸಂಘರ್ಷ ಸಮಿತಿ, 1979ರ ಬಂಡಾಯ ಸಾಹಿತ್ಯ ಸಂಘಟನೆ: ಈ ಕಾಲದ ಸಣ್ಣ ಸಂಘಟನೆಗಳ ಕೈಗೆಟುಕುತ್ತಿದ್ದ ಮುದ್ರಣ ಅಂದರೆ ಸೈಕ್ಲೋಸ್ಟೈಲ್. ಮೇಣ ಬಳಿದ ಹಾಳೆಯ ಮೇಲೆ ಉಕ್ಕಿನ ಮೊನೆಯಿಂದ ಅಕ್ಷರ ಕೊರೆಯಬೇಕು. ಒತ್ತು ಕಡಿಮೆಯಾದರೆ ಅಕ್ಷರ ಮೂಡದು. ಹೆಚ್ಚಾದರೆ ಹಾಳೆ ಹರಿಯುತ್ತದೆ. ಕನ್ನಡದ ದುಂಡು ಅಕ್ಷರಗಳಿಗಂತೂ ಇನ್ನೊಂದು ಅಪಾಯ. ಸೊನ್ನೆಯನ್ನು ಪೂರ್ತಿ ಸುತ್ತಿ ಕೊರೆದರೆ ಒಳಗಿನ ಚೂರೇ ಕಳಚಿ ಬಿದ್ದು ಕಪ್ಪು ಬೊಟ್ಟು ಮಾತ್ರ ಅಚ್ಚಾಗುತ್ತದೆ. ಸುಖದ ಕೆಲಸ ಅಲ್ಲ ಅದು. ಆದರೆ ಅಲ್ಲಿ ಬರೆದದ್ದು ನೂರಾರು ಪ್ರತಿಯಾಗಿ ಕೇರಿಗೆ, ಹಾಸ್ಟೆಲ್ಲಿಗೆ ಹೋಯಿತು. ಕಷ್ಟದ ಹಲಗೆಯಾದರೂ ಅದರ ಮೇಲೆ ಆಡಿದ್ದು ನಮ್ಮದೇ ಕೈ.

ಇಲ್ಲಿ ಸ್ಟೆನ್ಸಿಲ್ ಕೊರೆಯುವ ಮೊದಲೇ ಸಮುದ್ರದಾಚೆ ಬೇರೊಂದು ಹಲಗೆ ತಯಾರಾಗಿತ್ತು. 1964ರಲ್ಲಿ ಅಮೆರಿಕದ ರ‍್ಯಾಂಡ್ ಸಂಸ್ಥೆ, ಕಡ್ಡಿಯಿಂದ ಬರೆದದ್ದನ್ನು ಕಂಪ್ಯೂಟರಿಗೆ ತಿಳಿಸುವ ಟ್ಯಾಬ್ಲೆಟ್ ಮಾಡಿತು. ಬೆಲೆ 18,000 ಡಾಲರ್. ಬರೆಯುವುದು ಮೇಜಿನ ಹಲಗೆಯ ಮೇಲೆ, ಅಕ್ಷರ ಕಾಣುವುದು ಎದುರಿನ ಪರದೆಯಲ್ಲಿ. ಕೈ ಒಂದು ಕಡೆ, ಕಣ್ಣು ಒಂದು ಕಡೆ. 1972ರಲ್ಲಿ ಅಲನ್ ಕೇ ಎಂಬ ವಿಜ್ಞಾನಿ ಡೈನಾಬುಕ್ ಎಂಬ ಕನಸಿನ ನಕ್ಷೆ ಬರೆದ. ಕಂಕುಳಲ್ಲಿ ಇಟ್ಟುಕೊಂಡು ಹೋಗುವ ಕಂಪ್ಯೂಟರು, ಅದೂ ಮಕ್ಕಳಿಗೆ. ಕನಸು ಮಕ್ಕಳದ್ದಾದರೂ ಮಾರುಕಟ್ಟೆಗೆ ಬಂದದ್ದು ವ್ಯಾಪಾರಿಗಳ ಯಂತ್ರ: 1989ರಲ್ಲಿ ಗ್ರಿಡ್‌ಪ್ಯಾಡ್, 1993ರಲ್ಲಿ ಆಪಲ್ ಕಂಪನಿಯ ನ್ಯೂಟನ್. ನ್ಯೂಟನ್ ಕೈಬರಹವನ್ನು ತಪ್ಪುತಪ್ಪಾಗಿ ಓದಿ ಜನರ ನಗೆಗೀಡಾಯಿತು. 1996ರಲ್ಲಿ ಬಂದ ಪಾಮ್ ಪೈಲಟ್ ಆ ಗೋಜಲನ್ನು ಸುಲಭವಾಗಿ ಬಿಡಿಸಿತು. ಯಂತ್ರ ಕೈಯನ್ನು ಕಲಿಯುವ ಬದಲು ಕೈಯೇ ಯಂತ್ರದ ಲಿಪಿ ಕಲಿಯಲಿ! ಗ್ರಾಫಿಟಿ ಎಂಬ ಹೆಸರಿನ ಆ ಪದ್ಧತಿಯಲ್ಲಿ ಇಂಗ್ಲಿಷಿನ 'ಎ' ತನ್ನ ಅಡ್ಡಗೆರೆಯನ್ನೇ ಕಳೆದುಕೊಂಡಿತು. ಇಂಗ್ಲಿಷಿನ ಗತಿಯೇ ಹೀಗಾದರೆ ಒತ್ತಕ್ಷರ, ದೀರ್ಘ, ಕೊಂಬು ಇರುವ ಕನ್ನಡವನ್ನು ಕೇಳುವವರು ಯಾರು?

ಕೇಳಿದವರು ಬೆಂಗಳೂರಿನಲ್ಲೇ ಇದ್ದರು. ಭಾರತೀಯ ವಿಜ್ಞಾನ ಸಂಸ್ಥೆಯ ವಿಜಯ್ ಚಂದ್ರು, ಸ್ವಾಮಿ ಮನೋಹರ್, ರಮೇಶ್ ಹರಿಹರನ್, ವಿ. ವಿನಯ್ ಮತ್ತು ಎನ್‌ಕೋರ್ ಕಂಪನಿಯವರು ಸೇರಿ ಸಿಂಪ್ಯೂಟರ್ ಮಾಡಿದರು. 2001ರಲ್ಲಿ ಅದರ ಮಾದರಿ ಹೊರಬಂತು. ಅಂಗೈ ಅಗಲದ ಯಂತ್ರ, ಬರೆಯಲು ಕಡ್ಡಿ, ಓದು ಬಾರದವರಿಗೆ ಕನ್ನಡದಲ್ಲಿ ಮಾತಾಡಿ ಹೇಳುವ ಸೌಲಭ್ಯ. ಹಳ್ಳಿಯ ಬಡವನನ್ನು ನೆನೆದು ಮಾಡಿದ ಹಲಗೆ ಅದು, ಈ ಮಾತನ್ನು ನಾವು ಗೌರವದಿಂದಲೇ ಹೇಳುತ್ತೇವೆ. ಆದರೆ ಅದು ನೆನೆದುಕೊಂಡಷ್ಟು ಜನರಿಗೆ ತಲುಪಲಿಲ್ಲ, ನಿರೀಕ್ಷಿಸಿದಷ್ಟು ಮಾರಾಟವೂ ಆಗಲಿಲ್ಲ. 2011ರಲ್ಲಿ ಕೇಂದ್ರ ಸರ್ಕಾರ ವಿದ್ಯಾರ್ಥಿಗಳಿಗೆ ಅಂತ ಆಕಾಶ್ ಟ್ಯಾಬ್ಲೆಟ್ ತಂದಿತು. ಸರ್ಕಾರಕ್ಕೆ ಬಿದ್ದ ಬೆಲೆ 2,300 ರೂಪಾಯಿಯೊಳಗೆ. ಅದರ ಮೊದಲ ಆವೃತ್ತಿಯ ಪರದೆ ಒತ್ತಿದರೆ ಮಾತ್ರ ತಿಳಿಯುವ ಬಗೆಯದು. ಮೇಲಿನ ಪದರ ಬಾಗಿ ಕೆಳಗಿನದಕ್ಕೆ ತಾಗಬೇಕು. ಉಳ್ಳವರ ಪರದೆಗೆ ನೇವರಿಸಿದರೆ ಸಾಕು, ಬಡವರ ಪರದೆಯನ್ನು ಒತ್ತಬೇಕು.

ಅದೇ ದಶಕದಲ್ಲಿ ಉಳ್ಳವರ ಹಲಗೆ ಕೈಗೆ ಮಣಿಯಲು ಕಲಿಯಿತು. 2015ರಲ್ಲಿ ಆಪಲ್ ತನ್ನ ಪೆನ್ಸಿಲ್ ತಂದಿತು. ಮೊನೆಗೂ ಗೆರೆಗೂ ನಡುವಿನ ವಿಳಂಬವನ್ನು 20 ಮಿಲಿಸೆಕೆಂಡಿನಿಂದ 9ಕ್ಕೆ ಇಳಿಸಿದೆವು ಅಂತ 2019ರಲ್ಲಿ ಹೇಳಿಕೊಂಡಿತು. ಗಾಜಿಗೂ ಚಿತ್ರಕ್ಕೂ ನಡುವಿನ ಸಂದು ಕಿರಿದಾಯಿತು. ಅಂಗೈ ಯಾವುದು, ಮೊನೆ ಯಾವುದು ಅಂತ ಯಂತ್ರ ಬೇರ್ಪಡಿಸುತ್ತದೆ. ಜಾರದಿರಲಿ ಅಂತ ಕಾಗದದ ತರಿ ಇರುವ ಹಾಳೆಯನ್ನು ಗಾಜಿಗೆ ಅಂಟಿಸಿಕೊಳ್ಳುತ್ತಾರೆ. 2017ರಲ್ಲಿ ಬಂದ ರಿಮಾರ್ಕಬಲ್ ಎಂಬ ಹಲಗೆಯಂತೂ ಕಾಗದದ ಹಾಗೆ ತಡೆಯುವುದನ್ನೇ ತನ್ನ ಹೆಗ್ಗಳಿಕೆ ಮಾಡಿಕೊಂಡಿತು. ಹಿತವನ್ನು ಕಟ್ಟಲು ಬರುತ್ತದೆ ಅಂತ ಇದರಿಂದ ರುಜುವಾತಾಯಿತು. ಆದರೆ ಅದಕ್ಕೆ ಬೆಲೆ ಇದೆ. ಆಪಲ್ಲಿನ ಕಡ್ಡಿಯೊಂದಕ್ಕೇ ಹಲವು ಸಾವಿರ ರೂಪಾಯಿ. ಆಕಾಶ್ ಇಡೀ ಟ್ಯಾಬ್ಲೆಟ್ಟೇ ಅದಕ್ಕಿಂತ ಅಗ್ಗವಿತ್ತು.

ಈಗ ನಮ್ಮ ಕೈಗೆ ಬರೋಣ. ಇವತ್ತಿನ ಮುಟ್ಟುಪರದೆ ಬೆರಳಿನ ಒತ್ತಿನಿಂದ ಕೆಲಸ ಮಾಡುವುದಿಲ್ಲ. ಚರ್ಮದ ತೇವ, ಅದು ಹರಿಯಬಿಡುವ ವಿದ್ಯುತ್ತು, ಇವುಗಳಿಂದ ಕೈಯನ್ನು ಗುರುತಿಸುತ್ತದೆ. ಒಣಗಿದ, ಜಡ್ಡುಗಟ್ಟಿದ ಬೆರಳನ್ನು ಅದು ಸರಿಯಾಗಿ ಗುರುತಿಸದು. ಗುದ್ದಲಿ ಹಿಡಿದ ಕೈ, ಕಲ್ಲು ಒಡೆದ ಕೈ, ಗಾರೆ ಕಲೆಸಿದ ಕೈ ಮುಟ್ಟಿದರೂ ಗಾಜು ಮುಟ್ಟಿಸಿಕೊಳ್ಳುವುದಿಲ್ಲ. ನ್ಯಾಯಬೆಲೆ ಅಂಗಡಿಯ ಬೆರಳಚ್ಚು ಯಂತ್ರ ಬೇರೆ ಬಗೆಯದು. ಅದು ಬೆರಳಿನ ಗೆರೆ ನೋಡುತ್ತದೆ. ಆದರೆ ದುಡಿದು ಸವೆದ ಬೆರಳಲ್ಲಿ ಗೆರೆ ಎಲ್ಲಿದೆ? ಹೆಬ್ಬೆಟ್ಟಿನಿಂದ ರುಜುವಿಗೆ ಬರಲು ನಮ್ಮವರಿಗೆ ನೂರು ವರ್ಷ ಬೇಕಾಯಿತು. ರುಜು ಹಾಕಲು ಕಲಿತ ಅವ್ವನನ್ನು ಆಧಾರ್ ಮತ್ತೆ ಹೆಬ್ಬೆಟ್ಟಿಗೆ ಕರೆದುಕೊಂಡು ಬಂತು. ಆ ಹೆಬ್ಬೆಟ್ಟನ್ನೂ ಯಂತ್ರ ಎಷ್ಟೋ ಸಲ ಒಪ್ಪುವುದಿಲ್ಲ.

ಹಾಗಂತ ನಾವು ಗಾಜಿನ ಹಲಗೆ ಬೇಡ ಅನ್ನುವವರಲ್ಲ. ಹಳೆಯ ಹಲಗೆಗಳ ಬಗ್ಗೆ ಹಂಬಲಿಸುವುದಕ್ಕೆ ನಮಗೆ ಅಂಥ ನೆನಪುಗಳೂ ಇಲ್ಲ. 2020ರಲ್ಲಿ ಕೊರೊನಾ ಬಂದು ಶಾಲೆ ಮುಚ್ಚಿದಾಗ ಪರದೆ ಇಲ್ಲದ ಮಕ್ಕಳು ಪಾಠದಿಂದಲೇ ಹೊರಗುಳಿದರು. ವಿದ್ಯಾಗಮದಲ್ಲಿ ಮೇಷ್ಟ್ರುಗಳು ಗುಡಿಯ ಜಗಲಿಗೆ, ಮರದ ನೆರಳಿಗೆ ಹೋಗಿ ಪಾಠ ಮಾಡಬೇಕಾಯಿತು. ಗುಡಿಯ ಜಗಲಿ ಎಲ್ಲ ಮಕ್ಕಳಿಗೂ ಒಂದೇ ಅಲ್ಲ ಅಂತ ಹಳ್ಳಿಯ ಮೇಷ್ಟ್ರುಗಳಿಗೆ ನಾವು ಹೇಳಿಕೊಡಬೇಕಿಲ್ಲ. ಹಲಗೆ ಬೇಕು. ಕನ್ನಡ ಓದಬಲ್ಲ ಹಲಗೆಯೇ ಬೇಕು. 2015ರಲ್ಲಿ ಗೂಗಲ್ ಹೊರತಂದ ಕೈಬರಹದ ತಂತ್ರಾಂಶದಲ್ಲಿ ಕನ್ನಡವೂ ಇತ್ತು. ಭಾರತೀಯ ವಿಜ್ಞಾನ ಸಂಸ್ಥೆಯ ಪ್ರಯೋಗಾಲಯದಲ್ಲೂ ಈ ಕೆಲಸ ನಡೆದಿದೆ. ಲಿಪಿಗೆ ದಾರಿ ಆಯಿತು, ಇನ್ನು ಆಗಬೇಕಾದದ್ದು ಕೈಗೆ.

ಅದಕ್ಕೇ ಮೇಷ್ಟ್ರುಗಳಲ್ಲಿ, ಗೆಳೆಯರಲ್ಲಿ ನಾವು ಕೇಳುವುದು ಇಷ್ಟು. ನಿಮ್ಮ ಶಾಲೆಗೆ ಟ್ಯಾಬ್ಲೆಟ್ ಬಂದರೆ ಎಷ್ಟು ಬಂದವು ಅಂತ ಮಾತ್ರ ಲೆಕ್ಕ ಬರೆಯಬೇಡಿ. ಜೊತೆಗೆ ಬರೆಯುವ ಕಡ್ಡಿ ಬಂತೇ, ಅದು ಮುರಿದರೆ ಇನ್ನೊಂದು ಸಿಗುತ್ತದೆಯೇ ಕೇಳಿ. ಎರಡನೇ ತರಗತಿಯ ಮಗುವಿನ ಕೈಲಿ 'ರಾಷ್ಟ್ರ' ಅಂತ ಬರೆಸಿ ನೋಡಿ. ಒತ್ತಕ್ಷರ ನಿಂತಿತೋ ಜಾರಿತೋ ನೋಡಿ. ಮಗು ತಡವರಿಸಿದರೆ ಮಗುವನ್ನು ದಡ್ಡ ಅನ್ನಬೇಡಿ, ಹಲಗೆಯನ್ನು ಅನುಮಾನಿಸಿ. ಅಲ್ಲಿಯತನಕ ಸ್ಲೇಟು, ನೋಟುಬುಕ್ಕುಗಳನ್ನು ಕೈಯಿಂದ ಕಸಿಯಬೇಡಿ. ಸಂಜೆ ಅದೇ ಹಲಗೆಯನ್ನು ಮಗುವಿನ ಅವ್ವನ ಕೈಗೂ ಕೊಡಿ. ಅವಳ ಬೆರಳನ್ನು ಗಾಜು ಗುರುತಿಸದಿದ್ದರೆ, ಆ ಮಾತನ್ನು ಒಂದು ಬಿಳಿ ಹಾಳೆಯ ಮೇಲೆ ಅರ್ಜಿಯಾಗಿ ಬರೆದು ಇಲಾಖೆಗೆ ಕಳಿಸಿ. ಧಾರವಾಡದ ಆ ಹುಡುಗನ ಪರವಾಗಿ ಬರೆದ ಅರ್ಜಿಯನ್ನೂ ಅವತ್ತು ಸರ್ಕಾರ ತಳ್ಳಿಹಾಕಿತ್ತು. ಆದರೆ ಬರೆದದ್ದು ಉಳಿಯಿತು.